ತಾರಸಿಗೆ ಬಂದ ಗಾಳಿ

ಆಷಾಢಮಾಸದಲ್ಲಿ ತಾರಸಿಯ ಮೇಲೆ ಒಣಹಾಕಿದ ವಸ್ತ್ರಗಳು ಪಕ್ಕದ ಮನೆಯ ಅಂಗಳವನ್ನು ಸೇರುವಷ್ಟು ರಭಸದಿಂದ ಗಾಳಿ ಬೀಸುವ ಬೆಂಗಳೂರಿನ ಬನಶಂಕರಿ ಎರಡನೆಯ ಹಂತದಲ್ಲಿ ವಾಸಿಸುವವನಿಗೆ, ಆ ಮಾರುತಶಕ್ತಿಯಲ್ಲಿ ಕಿಂಚಿತ್ತನ್ನಾದರೂ ವಿದ್ಯುತ್ತಾಗಿ ಪರಿವರ್ತಿಸಿಕೊಂಡು ಮೆಟ್ಟಿಲಿನ ದೀಪವನ್ನಾದರೂ ಉರಿಸಬಾರದೇಕೆ ಎಂಬ ಆಸೆ ಹುಟ್ಟುವುದು ಸಹಜ. ಈ ಊರಿಗೆ ಅದು ಹೊಸ ಹಂಬಲವೂ ಅಲ್ಲ. 1970ರ ದಶಕದಲ್ಲಿಯೇ ಇಲ್ಲಿಯವರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹಾಯಿಬಟ್ಟೆ ಕಟ್ಟಿದ, ನಿಧಾನವಾಗಿ ತಿರುಗುವ ಸವೋನಿಯಸ್ ಚಕ್ರದಿಂದ ನೀರೆತ್ತುವ ಅಗ್ಗದ ಯಂತ್ರವೊಂದನ್ನು ರೂಪಿಸಿದ್ದರು. ನೀರೆತ್ತುವುದಕ್ಕೆ ನಿಧಾನವಾದ ಚಕ್ರ ಸಾಕು. ವಿದ್ಯುತ್ತಿಗೆ ವೇಗ ಬೇಕಾದುದರಿಂದ ನಾನು ಮೂರು ಅಲಗಿನದನ್ನು ಆರಿಸಿಕೊಂಡೆನು.

ಆರಂಗುಲದ ಪಿ.ವಿ.ಸಿ. ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಅಲಗಿಗೆ ಬೇಕಾದ ವಕ್ರತೆ ತಾನಾಗಿಯೇ ಒದಗುತ್ತದೆ. ಬುಡದಲ್ಲಿ ಅಗಲವಾಗಿಯೂ ತುದಿಯಲ್ಲಿ ಕಿರಿದಾಗಿಯೂ ಕತ್ತರಿಸಿ ಅಂಚನ್ನು ಅರದಿಂದ ನಯಗೊಳಿಸುವುದು ಸುಖವಾದ ಕೆಲಸವೇ. ತೂಕವನ್ನು ಸಮಗೊಳಿಸುವಾಗಲೇ ತಾಳ್ಮೆಯ ಪರೀಕ್ಷೆ. ಕಿಟಕಿಬಾಗಿಲುಗಳನ್ನು ಮುಚ್ಚಿ, ಫ್ಯಾನನ್ನೂ ನಿಲ್ಲಿಸಿ, ಚಕ್ರವನ್ನು ಸಲೀಸಾಗಿ ತಿರುಗುವ ಅಚ್ಚಿಗೆ ಏರಿಸಿದರೆ, ಮೂರರಲ್ಲಿ ಭಾರವಾದ ಅಲಗು ಮೆಲ್ಲನೆ ಕೆಳಗಿಳಿದು ನಿಲ್ಲುತ್ತದೆ. ಅದರ ತುದಿಯನ್ನು ಒಂದಿಷ್ಟು ಉಜ್ಜಿ ಮತ್ತೆ ಏರಿಸಬೇಕು. ಯಾವ ಅಲಗೂ ಕೆಳಗಿಳಿಯುವ ಹಟವನ್ನು ತೊರೆಯುವವರೆಗೂ ಇದೇ ಕ್ರಮ. ಇದನ್ನು ಉಪೇಕ್ಷಿಸಿದರೆ ಕಂಬದ ಕಂಪನ ಕಾಂಕ್ರೀಟಿನಲ್ಲಿ ಇಳಿದು ಕೆಳಗಿನ ಕೋಣೆಯವರ ನಿದ್ರೆಗೆ ಭಂಗ ತರುತ್ತದೆ. ಬುಡಕ್ಕೆ ರಬ್ಬರ್ ಹಾಸಿದರೂ ಪೂರ್ತಿಯಾಗಿ ಅಡಗದು. ಎಸ್.ಪಿ. ರಸ್ತೆಯಲ್ಲಿ ಕೊಂಡ ಶಾಶ್ವತ ಅಯಸ್ಕಾಂತದ ಜನರೇಟರು, ಡಯೋಡುಗಳು, 12 ವೋಲ್ಟಿನ ಬ್ಯಾಟರಿ, ಇವುಗಳ ಜೋಡಣೆ ಬಲ್ಲವರಿಗೆ ಲೀಲೆ.

ಗಾಳಿಯ ಶಕ್ತಿಯಾದರೋ ಅದರ ವೇಗದ ಘನವನ್ನು ಅನುಸರಿಸುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನ ಹಗುರವಾದ ಗಾಳಿ, 1.2 ಮೀಟರ್ ವ್ಯಾಸದ ಚಕ್ರವನ್ನು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಾದುಹೋಗುವಾಗ ಅದರಲ್ಲಿರುವುದೇ ಸುಮಾರು 16 ವಾಟ್. ಅದರಲ್ಲಿಯೂ ಶೇಕಡಾ 59.3ಕ್ಕಿಂತ ಹೆಚ್ಚನ್ನು ಯಾವ ಚಕ್ರವೂ ಹೀರಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ಒಂದು ಶತಮಾನದ ಹಿಂದೆಯೇ ಗಣಿತದಿಂದ ತೋರಿಸಿದ್ದಾರೆ. ಮನೆಯಲ್ಲಿ ಕೊರೆದ ಅಲಗು ಕಾಲುಭಾಗವನ್ನು ಕೊಟ್ಟರೆ ಅದೇ ಪುಣ್ಯ. ಎಂದರೆ 4 ವಾಟ್. ವೇಗ ಇಮ್ಮಡಿಯಾದರೆ ಫಲ ಎಂಟುಮಡಿ.

ಆ ಇಮ್ಮಡಿ ವೇಗ ನಮ್ಮ ತಾರಸಿಗೆ ಬರುವುದು ತುಣುಕುತುಣುಕಾಗಿ. ನೈಋತ್ಯದಿಂದ ಹೊರಟ ಗಾಳಿ ನಾಲ್ಕಂತಸ್ತಿನ ಫ್ಲಾಟುಗಳನ್ನೂ ತೆಂಗಿನ ಮರಗಳನ್ನೂ ಸಿಂಟೆಕ್ಸ್ ತೊಟ್ಟಿಗಳನ್ನೂ ಸುತ್ತಿಬಳಸಿ ಸುಳಿಸುಳಿಯಾಗಿ ಬಂದು ತಲಪುವಾಗ, ಯಂತ್ರದ ಬಾಲ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ ಎಡಕ್ಕೂ ಬಲಕ್ಕೂ ನೋಡುತ್ತದೆ. ಚಕ್ರ ಉರುಳುವುದಕ್ಕಿಂತ ಹೊರಳುವುದೇ ಹೆಚ್ಚು. 150 ಮೀಟರಿನೊಳಗಿರುವ ಯಾವ ಅಡ್ಡಿಗಿಂತಲೂ ಚಕ್ರ 10 ಮೀಟರಾದರೂ ಎತ್ತರದಲ್ಲಿರಬೇಕೆಂಬುದು ಈ ಕಸುಬಿನವರ ನಿಯಮ. ಪಾಲಿಸಹೊರಟರೆ ಮೊಬೈಲ್ ಗೋಪುರವನ್ನೇ ಎತ್ತಬೇಕಾದೀತು, ನೆರೆಯವರ ಮಾತಿರಲಿ, ಮನೆಯವರೇ ಒಪ್ಪರು. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿಯೂ ಗದಗಿನ ಕಪ್ಪತಗುಡ್ಡದ ಆಸುಪಾಸಿನಲ್ಲಿಯೂ ಗಾಳಿಯಂತ್ರಗಳು ನಿಂತಿರುವುದು ಗುಡ್ಡದ ನೆತ್ತಿಯ ಬಲದಿಂದಲೇ ಹೊರತು ಅಲಗಿನ ಚಾತುರ್ಯವೊಂದರಿಂದಲೇ ಅಲ್ಲ. ಆದುದರಿಂದ ಜಯನಗರ, ಜೆ.ಪಿ. ನಗರದ ಮಿತ್ರರು ಸಲಹೆ ಕೇಳಿದಾಗಲೆಲ್ಲ, ಮೊದಲು ಬರಿಯ ಕಂಬವನ್ನು ನೆಟ್ಟು ತುದಿಗೆ ಗಾಳಿಮಾಪಕವನ್ನಷ್ಟೇ ಕಟ್ಟಿ ಆಷಾಢದಿಂದ ಮಾಘದವರೆಗೆ ಕಾಯಿರೆನ್ನುತ್ತೇನೆ. ಯಾರೂ ಕಾಯುವುದಿಲ್ಲ.

ಬೇಸಗೆಯ ಮಳೆಯ ಸಂಜೆಗಳ ಭಯವೇ ಬೇರೆ. ಬ್ಯಾಟರಿ ತುಂಬಿದ ಮೇಲೆ ಹೊರೆಯಿಲ್ಲದ ಚಕ್ರ ಅಂಕೆಮೀರಿ ಓಡಿ ಅಲಗನ್ನೇ ಚಿಮ್ಮಿಸಬಲ್ಲುದಾದುದರಿಂದ, ಹೆಚ್ಚಿನ ವಿದ್ಯುತ್ತನ್ನು ಕಾಯುವ ಸುರುಳಿಯೊಂದಕ್ಕೆ ಹರಿಸಬೇಕು. ಜನರೇಟರಿನ ಮೂರು ತಂತಿಗಳನ್ನು ಒಂದಕ್ಕೊಂದು ಕೂಡಿಸಿ ಚಕ್ರವನ್ನು ತಡೆಯುವ ಸ್ವಿಚ್ಚು ಇನ್ನೊಂದು ರಕ್ಷೆ. ಬಿರುಗಾಳಿ ಏರಿದ ಮೇಲಲ್ಲ, ಮೋಡ ಕಟ್ಟುವಾಗಲೇ ಅದನ್ನು ಹಾಕಿಬಿಡಬೇಕು.

ಈಗ ಅದೇ ಬ್ಯಾಟರಿಗೆ 100 ವಾಟಿನ ಸೌರಫಲಕವೊಂದನ್ನೂ ಜೋಡಿಸಿದ್ದೇನೆ. ವರ್ಷದ ಬಹುಭಾಗ ದುಡಿಯುವುದು ಅದೇ. ಚಲನೆಯಿಲ್ಲ, ಸದ್ದಿಲ್ಲ, ಅದರ ವಿಚಾರದಲ್ಲಿ ಬರೆಯುವುದಕ್ಕೂ ಏನಿಲ್ಲ. ಮುಂಗಾರಿನ ಮೋಡ ಕವಿದು ಫಲಕ ಮಂಕಾದಾಗ ಚಕ್ರವು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುವುದರಿಂದ, ಕಂಬವನ್ನು ಇಳಿಸಬೇಕೆಂಬ ಮನೆಯವರ ಸೂಚನೆಯನ್ನು ಪ್ರತಿವರ್ಷವೂ ಶ್ರಾವಣಕ್ಕೆ ಮುಂದೂಡುತ್ತ ಬಂದಿದ್ದೇನೆ.