ಕಡಲಾಚೆಗೆ ಹೋದ ಗಂಧ, ಕಡಲಾಚೆಯಿಂದ ಬಂದ ಭರಣಿ

ನಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ಎರಡು ವಸ್ತುಗಳನ್ನು ವಿದ್ಯಾರ್ಥಿಗಳು ನೋಡಿರಬಹುದು. ಒಂದು, ಉಗ್ರಾಣದ ಮೂಲೆಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕುಳಿತಿರುವ ಉಪ್ಪಿನಕಾಯಿಯ ಭರಣಿ. ಇನ್ನೊಂದು, ದೇವರ ಕೋಣೆಯಲ್ಲಿ ಸಾಣೆಕಲ್ಲಿನ ಬಳಿ ಇರುವ ಗಂಧದ ಕೊರಡು. ದಿನವೂ ಕಣ್ಣಿಗೆ ಬೀಳುವ ಈ ವಸ್ತುಗಳ ಹಿಂದೆ ಚರಿತ್ರೆಯ ಒಂದು ದೊಡ್ಡ ಅಧ್ಯಾಯವೇ ಇದೆ. ಭರಣಿಯ ಕಲೆ ಚೀನ ದೇಶದಿಂದ ನಮ್ಮ ಕಡೆಗೆ ಬಂದಿತು. ಗಂಧವು ನಮ್ಮ ಕಾಡಿನಿಂದ ಚೀನ ದೇಶಕ್ಕೆ ಹೋಯಿತು. ಎರಡು ಮಹಾ ಸಂಸ್ಕೃತಿಗಳ ಪರಿಚಯವು ರಾಜರ ಸಭೆಯಲ್ಲಿ ಮಾತ್ರವಲ್ಲ, ಕುಂಬಾರನ ತಿಗರಿಯ ಮೇಲೆ ಮತ್ತು ಬಡಗಿಯ ಉಳಿಯ ತುದಿಯಲ್ಲಿಯೂ ನಡೆಯಿತೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹೆಸರುಗಳು ಹೇಳುವ ಪಾಠ

ಚೀನದ ಹೆಸರು ನಮ್ಮ ಭಾಷೆಗಳಿಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಚೀನಪಟ್ಟವೆಂಬ ರೇಷ್ಮೆಯನ್ನು ಹೆಸರಿಸುತ್ತದೆ. ಕಾಳಿದಾಸನ ಶಾಕುಂತಲ ನಾಟಕದಲ್ಲಿ ಚೀನಾಂಶುಕದ ಧ್ವಜದ ಉಪಮೆ ಬರುತ್ತದೆ. ಹಾಗೆಂದು ಹೆಸರನ್ನು ಮಾತ್ರ ನಂಬಿ ಇತಿಹಾಸ ಬರೆಯಲಾಗದು. ನಮ್ಮ ಕರಾವಳಿಯಲ್ಲಿ ಸಿಹಿಗುಂಬಳವನ್ನು ಚೀನಿಕಾಯಿ ಎನ್ನುತ್ತಾರೆ. ಆ ಬಳ್ಳಿಯ ತವರು ಚೀನವಲ್ಲ, ಅಮೆರಿಕ ಖಂಡ. 15ನೆಯ ಶತಮಾನದ ಕೊನೆಯಲ್ಲಿ ಯುರೋಪಿನವರು ಆ ಖಂಡವನ್ನು ಮುಟ್ಟಿದ ಮೇಲೆಯೇ ಅದು ನಮ್ಮ ಹಿತ್ತಿಲಿಗೆ ಬಂದಿತು. ಕಡಲಾಚೆಯಿಂದ ಬಂದ ಹೊಸ ವಸ್ತುವಿಗೆಲ್ಲ ಚೀನದ ಹೆಸರಿಡುವಷ್ಟು ಆ ದೇಶ ಜನರ ಬಾಯಲ್ಲಿ ನೆಲೆಸಿತ್ತೆಂಬುದಷ್ಟೇ ಇದರಿಂದ ಊಹಿಸಬಹುದಾದ ಮಾತು.

ಇನ್ನೊಂದು ಹೆಸರಾದರೋ ನಿಜವಾದ ಸಾಕ್ಷಿಯನ್ನೇ ನುಡಿಯುತ್ತದೆ. ಚೀನೀಯರು ಗಂಧದ ಮರವನ್ನು ‘ಝಾನ್‌ತಾನ್’ ಎಂದರು. ಇದು ನಮ್ಮ ‘ಚಂದನ’ವೇ. ಬೌದ್ಧ ಗ್ರಂಥಗಳನ್ನು ತಮ್ಮ ನುಡಿಗೆ ತಂದುಕೊಂಡಾಗ ಅವರು ವಸ್ತುವಿನೊಡನೆ ಹೆಸರನ್ನೂ ಬರಮಾಡಿಕೊಂಡರು. ಇಂದಿಗೂ ಅವರ ಮಾತಿನಲ್ಲಿ ಗಂಧಕ್ಕೆ ‘ತಾನ್‌ಷಿಯಾಂಗ್’ ಎಂದು ಹೆಸರು; ಅದರ ಮೊದಲ ಅಕ್ಷರದಲ್ಲಿ ಚಂದನದ ಕೊನೆಯ ಅರ್ಧ ಉಳಿದುಕೊಂಡಿದೆ.

ಚೀನದ ಹಾದಿಯಲ್ಲಿ ಹೊನ್ನಾವರ

ಶರಾವತಿಯು ಸಮುದ್ರವನ್ನು ಸೇರುವ ಹೊನ್ನಾವರವು ಮಧ್ಯಯುಗದ ಪ್ರಸಿದ್ಧ ಬಂದರು. 1342ರಲ್ಲಿ ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನು ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತನನ್ನು ಚೀನದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳುಹಿಸಿದನು. ಆ ಪಯಣದ ಹಾದಿಯಲ್ಲಿ ಇಬ್ನ್ ಬತೂತನು ಹೊನ್ನಾವರಕ್ಕೆ ಬಂದನು. ಊರಿನಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಪಾಠಶಾಲೆಗಳಿದ್ದವೆಂದು ಅವನು ಬರೆದಿರುವುದನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕು. ಅಲ್ಲಿಂದ ದಕ್ಷಿಣಕ್ಕೆ ಹೋಗಿ ಕಲ್ಲಿಕೋಟೆಯಲ್ಲಿ ಅವನು 13 ಚೀನೀ ಹಡಗುಗಳನ್ನು ಕಂಡನು. ಆದರೆ ಬಿರುಗಾಳಿಗೆ ಸಿಕ್ಕಿ ಅವನ ಹಡಗುಗಳ ಏರ್ಪಾಡು ಮುರಿದುಬಿದ್ದಿತು. ಆಗ ಅವನು ಮರಳಿ ಆಶ್ರಯ ಪಡೆದ ಊರೂ ಹೊನ್ನಾವರವೇ. ಮುಂದೆ ಚೀನದ ಪಿಂಗಾಣಿಯನ್ನು ವರ್ಣಿಸುತ್ತ, ಅದು ಭಾರತಕ್ಕೂ ಇತರ ದೇಶಗಳಿಗೂ, ದೂರದ ತನ್ನ ತಾಯ್ನಾಡಿಗೂ ಹೋಗುತ್ತದೆಂದು ಅವನು ಹೇಳಿದ್ದಾನೆ.

ವಿಜಯನಗರದ ಬುಕ್ಕರಾಯನು 1374ರಲ್ಲಿ ಮಿಂಗ್ ಚಕ್ರವರ್ತಿಯ ಆಸ್ಥಾನಕ್ಕೆ ನಿಯೋಗವನ್ನು ಕಳುಹಿಸಿದನೆಂದು ಇತಿಹಾಸಕಾರರು ಬರೆದಿದ್ದಾರೆ. 1405ರಿಂದ 1433ರವರೆಗೆ ಚೀನದ ನೌಕಾಧಿಪತಿ ಝೆಂಗ್ ಹೆ ಏಳು ಬಾರಿ ದೊಡ್ಡ ನೌಕಾಪಡೆಯೊಡನೆ ಹಿಂದೂ ಮಹಾಸಾಗರಕ್ಕೆ ಬಂದನು. ನಮ್ಮ ಪಶ್ಚಿಮ ತೀರದಲ್ಲಿ ಅವನ ಮುಖ್ಯ ತಂಗುದಾಣ ಕಲ್ಲಿಕೋಟೆಯಾಗಿತ್ತು. ಅನಂತರ ವಿಜಯನಗರವನ್ನು ಕಂಡ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು 1444ರ ಆರಂಭದಲ್ಲಿ ಸ್ವದೇಶಕ್ಕೆ ಹಡಗೇರಿದ್ದು ಹೊನ್ನಾವರದಲ್ಲಿಯೇ. ಕಲ್ಲಿಕೋಟೆಯ ಸಾಹಸಿ ನಾವಿಕರನ್ನು ‘ಚೀನೀ ಮಕ್ಕಳು’ ಎಂದು ಕರೆಯುತ್ತಿದ್ದರೆಂದು ಅವನ ಬರಹದಿಂದ ತಿಳಿಯುತ್ತದೆ.

ಭಟ್ಕಳವು ಅದೇ ವಿಜಯನಗರದ ಬಾಗಿಲಿನಂತಿದ್ದ ಬಂದರು. ಕುದುರೆಗಳು ಇಲ್ಲಿ ಇಳಿಯುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣಗಳು ಇಲ್ಲಿಂದ ಹೊರಡುತ್ತಿದ್ದವು. ಹಂಪೆಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ದೊರೆತಿವೆ. ಘಟ್ಟದ ಮೇಲಿನ ರಾಜಧಾನಿಯ ಸಿರಿವಂತರ ಊಟದ ಮನೆಗೆ ಚೀನದ ಕುಂಬಾರನ ಕೈಕೆಲಸ ತಲುಪಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮುಂದೆ ವೀರಶೈವ ಅರಸುಮನೆತನವಾದ ಕೆಳದಿಯ ನಾಯಕರು ಈ ತೀರವನ್ನು ಆಳಿದರು. ಹೊನ್ನಾವರದ ಎದುರಿನ ಕಡಲಿನಲ್ಲಿರುವ ಬಸವರಾಜದುರ್ಗವು ಇಂದಿಗೂ ಅವರ ಹೆಸರನ್ನು ನೆನಪಿಗೆ ತರುತ್ತದೆ.

ಭರಣಿಯ ಗುಟ್ಟು

ಪಿಂಗಾಣಿಯ ರಹಸ್ಯವು ಮಣ್ಣಿನಲ್ಲಿದೆ, ಬೆಂಕಿಯಲ್ಲಿದೆ. ಜಿಂಗ್‌ದೆಝೆನ್ ಎಂಬ ಊರಿನ ಕುಂಬಾರರು ಬಿಳಿಯ ಜೇಡಿಯನ್ನೂ ಒಂದು ಬಗೆಯ ಕಲ್ಲಿನ ಪುಡಿಯನ್ನೂ ಬೆರೆಸಿ ಸುಮಾರು 1300 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಡುತ್ತಿದ್ದರು. ಆ ಶಾಖದಲ್ಲಿ ಮಣ್ಣು ಗಾಜಿನಂತೆ ಬಿಗಿಯಾಗಿ, ಬೆಳಕು ತೂರುವಷ್ಟು ತೆಳುವಾದ ಬಟ್ಟಲಾಗುತ್ತದೆ. ಬಿಳಿಯ ಮೈಯ ಮೇಲಿನ ಪ್ರಸಿದ್ಧವಾದ ನೀಲಿ ಚಿತ್ತಾರಕ್ಕೆ ಬೇಕಾದ ಕೋಬಾಲ್ಟ್ ಬಣ್ಣವು ಮೊದಮೊದಲು ಪರ್ಷಿಯದಿಂದ ಬರುತ್ತಿದ್ದಿತು. ಚೀನದ್ದೇ ಎಂದು ಲೋಕವೆಲ್ಲ ಹೊಗಳಿದ ಆ ಪಾತ್ರೆಯಲ್ಲಿಯೂ ಪರದೇಶದ ಪಾಲೊಂದು ಸೇರಿತ್ತು.

ದಿನಬಳಕೆಗೆ ಬಂದದ್ದು ಈ ನಾಜೂಕಿನ ಬಟ್ಟಲಲ್ಲ. ದಪ್ಪ ಮೈಯ, ಕಂದು ಮೆರುಗಿನ ದೊಡ್ಡ ಜಾಡಿ. ನೀರು, ಎಣ್ಣೆ, ಉಪ್ಪಿನ ಪದಾರ್ಥಗಳನ್ನು ತುಂಬಿಕೊಂಡು ಇಂತಹ ಜಾಡಿಗಳು ಹಡಗುಗಳಲ್ಲಿ ಸಂಚರಿಸುತ್ತಿದ್ದವು. ಇಂದು ನಮ್ಮ ಮನೆಗಳಲ್ಲಿರುವ ಭರಣಿಗಳಲ್ಲಿ ಹೆಚ್ಚಿನವು ನಮ್ಮ ದೇಶದಲ್ಲಿಯೇ ತಯಾರಾದವು. ಆದರೆ ಅವುಗಳ ಕುಲಮೂಲ ಆ ಜಾಡಿಗಳಲ್ಲಿದೆ. ಉಪ್ಪು ಹುಳಿಗಳು ಲೋಹವನ್ನು ತಿನ್ನುತ್ತವೆ, ಸಾಮಾನ್ಯ ಮಡಕೆಯಲ್ಲಿ ಜಿನುಗಿ ಹೋಗುತ್ತವೆ. ಮೆರುಗಿನ ಭರಣಿಯಲ್ಲಿ ಮಾತ್ರ ಕದಲದೆ ನಿಲ್ಲುತ್ತವೆ. ಅಘನಾಶಿನಿಯ ದಡದ ಅಪ್ಪೆಮಿಡಿಯು ವರ್ಷಗಳ ಕಾಲ ಕೆಡದೆ ಉಳಿಯುವುದರಲ್ಲಿ ನಮ್ಮ ತಾಯಂದಿರ ಜಾಣ್ಮೆಯೊಡನೆ ಚೀನೀ ಕುಂಬಾರನ ಜಾಣ್ಮೆಯೂ ಕೂಡಿದೆ.

ಗಂಧದ ಪಯಣ

ಭರಣಿ ಇತ್ತ ಬಂದಂತೆ ಗಂಧ ಅತ್ತ ಹೋಯಿತು. ಶ್ರೀಗಂಧದ ಮರದ ಬಾಳುವೆ ವಿಲಕ್ಷಣವಾದುದು. ಅದರ ಬೇರುಗಳು ನೆರೆಯ ಗಿಡಗಳ ಬೇರುಗಳನ್ನು ಹಿಡಿದು ನೀರನ್ನೂ ಲವಣಗಳನ್ನೂ ಪಡೆಯುತ್ತವೆ. ನೆರೆಯಿಲ್ಲದೆ ಅದು ಏಳಿಗೆಯಾಗಲಾರದು. ಎಳೆಯ ಮರದ ಬಿಳಿಯ ಕಟ್ಟಿಗೆಗೆ ಪರಿಮಳವಿಲ್ಲ. ದಶಕಗಳ ಕಾಲ ಬೆಳೆದು ಚೇಗು ಕಟ್ಟಿದ ಮೇಲೆಯೇ ಸುಗಂಧ. ಚೀನೀಯರು ಇದನ್ನು ದೇವಾಲಯದ ಧೂಪಕ್ಕೂ ಔಷಧಕ್ಕೂ ಕೆತ್ತನೆಗೂ ಬಳಸಿದರು. ಕ್ಯಾಂಟನ್ ಎಂದು ಹೆಸರಾಗಿದ್ದ ಗ್ವಾಂಗ್‌ಝೌ ಬಂದರಿನಲ್ಲಿ ಮೈಸೂರು ಸೀಮೆಯ ಗಂಧಕ್ಕೆ ಬಹಳ ಬೇಡಿಕೆಯಿತ್ತು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಈಸ್ಟ್ ಇಂಡಿಯಾ ಕಂಪನಿಯು ಈ ವ್ಯಾಪಾರಕ್ಕೆ ಕೈಹಾಕಿತು. ಪಶ್ಚಿಮ ತೀರದ ಬಂದರುಗಳಿಂದ ಗಂಧದ ಕೊರಡುಗಳು ಚೀನಕ್ಕೆ ಸಾಗಿದವು. ಚೀನದ ಬೇಡಿಕೆ ಎಷ್ಟು ದೊಡ್ಡದೆಂದರೆ, 19ನೆಯ ಶತಮಾನದ ಆರಂಭದಲ್ಲಿ ವ್ಯಾಪಾರಿಗಳು ಶಾಂತಸಾಗರದ ದ್ವೀಪಗಳ ಗಂಧವನ್ನೂ ಕಡಿದು ಬರಿದುಮಾಡಿದರು. ಹವಾಯಿ ದ್ವೀಪಗಳ ಹೊನೊಲುಲು ನಗರವನ್ನು ಚೀನೀಯರು ಈಗಲೂ ‘ಗಂಧದ ಬೆಟ್ಟ’ವೆಂದೇ ಕರೆಯುತ್ತಾರೆ.

ಒಂದೇ ಮರ, ಎರಡು ಕೈ

ಕುಮಟಾ, ಹೊನ್ನಾವರ, ಶಿರಸಿ, ಸಾಗರ, ಸೊರಬಗಳ ಗುಡಿಗಾರರು ಗಂಧದ ಕೆತ್ತನೆಗೆ ನಾಡಿನಲ್ಲೆಲ್ಲ ಹೆಸರಾದವರು. ಗಂಧದ ಮರದ ಎಳೆ ಸಣ್ಣದು, ಒತ್ತಾದುದು. ಉಳಿಯ ಸೂಕ್ಷ್ಮವಾದ ಏಟನ್ನೂ ಅದು ಒಡೆಯದೆ ತಾಳಿಕೊಳ್ಳುತ್ತದೆ. ಮೊದಲು ಹಲಗೆಯನ್ನು ನುಣುಪು ಮಾಡಿ, ಅದರ ಮೇಲೆ ಚಿತ್ರವನ್ನು ಬರೆದು, ಬೈರಿಗೆ, ಗರಗಸ, ಬಗೆಬಗೆಯ ಉಳಿಗಳಿಂದ ಬಳ್ಳಿ, ಹೂವು, ಪಶುಪಕ್ಷಿ, ದೇವತೆಗಳನ್ನು ಎಬ್ಬಿಸುತ್ತಾರೆ. ಒಂದು ಪೆಟ್ಟಿಗೆಗೆ ತಿಂಗಳುಗಳ ದುಡಿಮೆ ಬೇಕಾಗುವುದುಂಟು. ಒಂದೇ ಒಂದು ತಪ್ಪು ಏಟಿಗೆ ಎಲ್ಲವೂ ವ್ಯರ್ಥ.

ಚೀನದ ಸೂಜೌ ನಗರವು ಗಂಧದ ಬೀಸಣಿಗೆಗೆ ಪ್ರಸಿದ್ಧವಾಗಿದೆ. ಕಾಗದದಷ್ಟು ತೆಳುವಾದ ಗಂಧದ ಎಲೆಗಳನ್ನು ಸಾಲಾಗಿ ಜೋಡಿಸಿ ರೇಷ್ಮೆಯ ಪಟ್ಟಿಯಿಂದ ಹೆಣೆದರೆ ಬೀಸಣಿಗೆ ಸಿದ್ಧವಾಗುತ್ತದೆ. ಕೂದಲೆಳೆಯಂತಹ ಗರಗಸದಿಂದ ಜಾಲಂದ್ರ ಕೊರೆಯುವುದು, ಕಾಯಿಸಿದ ಮೊನೆಯಿಂದ ಸುಟ್ಟು ಚಿತ್ರಿಸುವುದು, ಉಳಿಯಿಂದ ಕೆತ್ತುವುದು, ಕುಂಚದಿಂದ ಬರೆಯುವುದು, ಹೀಗೆ ನಾಲ್ಕು ಬಗೆಯ ಅಲಂಕಾರವನ್ನು ಅಲ್ಲಿಯ ಕುಶಲಿಗಳು ಬಲ್ಲರು. ಗುಡಿಗಾರನ ಪೆಟ್ಟಿಗೆಯಲ್ಲಿ ಮರವು ಉಬ್ಬಿ ನಿಲ್ಲುತ್ತದೆ. ಸೂಜೌ ಬೀಸಣಿಗೆಯಲ್ಲಿ ಮರವು ಕರಗಿ ಗಾಳಿಗೆ ದಾರಿ ಬಿಡುತ್ತದೆ. ಇವರು ಅವರಿಂದ ಕಲಿತರೆಂದಾಗಲಿ ಅವರು ಇವರಿಂದ ಕಲಿತರೆಂದಾಗಲಿ ಹೇಳಬೇಕಾಗಿಲ್ಲ. ಒಂದೇ ಮರವನ್ನು ಎರಡು ಜನಾಂಗಗಳು ತಮ್ಮ ತಮ್ಮ ಮನಸ್ಸಿಗೆ ತಕ್ಕಂತೆ ಅರ್ಥಮಾಡಿಕೊಂಡವು.

ಬೆಂಡಿನ ಕೆಲಸದಲ್ಲಿಯೂ ಇಂತಹುದೇ ಸಾಮ್ಯವಿದೆ. ನೀರಿನಲ್ಲಿ ಬೆಳೆಯುವ ಗಿಡದ ಹಗುರವಾದ ಬೆಂಡನ್ನು ಸೀಳಿ ಗುಡಿಗಾರರು ಮದುಮಕ್ಕಳಿಗೆ ಬಾಸಿಂಗವನ್ನು ಮಾಡುತ್ತಾರೆ. ಚೀನದಲ್ಲಿ ಬೇರೊಂದು ಜಾತಿಯ ಗಿಡದ ತಿರುಳನ್ನು ಹಾಳೆಯಂತೆ ಸುಲಿದು ಹೂವುಗಳನ್ನು ಮಾಡುತ್ತಿದ್ದರು; ಕ್ಯಾಂಟನ್ನಿನ ಚಿತ್ರಕಾರರು ಅದರ ಮೇಲೆ ಚಿತ್ರ ಬರೆದು ಮಾರುತ್ತಿದ್ದರು. ನಮ್ಮ ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಯ ಮೇಲೆ ಕೆಮ್ಮಣ್ಣು ಅಕ್ಕಿಹಿಟ್ಟುಗಳಿಂದ ಹಸೆ ಚಿತ್ತಾರ ಬರೆಯುವಂತೆ, ಚೀನದ ಹಳ್ಳಿಯ ಹೆಂಗಸರು ಕೆಂಪು ಕಾಗದವನ್ನು ಕತ್ತರಿಸಿ ಮದುವೆಗೂ ವಸಂತೋತ್ಸವಕ್ಕೂ ಕಿಟಕಿಯನ್ನು ಸಿಂಗರಿಸುತ್ತಾರೆ. ಆ ಕಾಗದದ ಕಲೆಯನ್ನು 2009ರಲ್ಲಿ ಯುನೆಸ್ಕೊ ಸಂಸ್ಥೆಯು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಉಳಿಯಬೇಕಾದುದು

ಈಗ ಎರಡೂ ಕಡೆಯ ಕುಶಲಿಗಳ ಮುಂದೆ ಒಂದೇ ಬಗೆಯ ಕಷ್ಟ ನಿಂತಿದೆ. ಗುಡಿಗಾರರೂ ಕ್ಯಾಂಟನ್ನಿನ ಶಿಲ್ಪಿಗಳೂ ಹಿಂದೆ ದಂತದಲ್ಲಿ ಕೆತ್ತುತ್ತಿದ್ದರು. ಆನೆಗಳ ರಕ್ಷಣೆಗಾಗಿ ಭಾರತವು 1986ರಲ್ಲಿ ದೇಶೀಯ ದಂತದ ವ್ಯಾಪಾರವನ್ನು ನಿಷೇಧಿಸಿತು. ಚೀನವು 2017ರ ಕೊನೆಗೆ ತನ್ನ ದಂತದ ಮಾರುಕಟ್ಟೆಯನ್ನು ಮುಚ್ಚಿತು. ಇದು ನ್ಯಾಯವಾದುದೇ. ಆದರೆ ಗಂಧವೂ ವಿರಳವಾಯಿತು. ಕಳ್ಳಸಾಗಣೆ ಮತ್ತು ರೋಗಗಳಿಂದ ನಮ್ಮ ಕಾಡಿನ ಮರಗಳು ಕ್ಷೀಣಿಸಿದವು. ಶತಮಾನಗಳ ಕಾಲ ಸರ್ಕಾರದ ಸೊತ್ತಾಗಿದ್ದ ಮರವನ್ನು ತನ್ನ ಹೊಲದಲ್ಲಿ ಬೆಳೆಸಲು ಯಾವ ರೈತನಿಗೂ ಉತ್ಸಾಹವಿರಲಿಲ್ಲ. 2001ರಲ್ಲಿ ಕರ್ನಾಟಕವು ಕಾಯಿದೆಯನ್ನು ತಿದ್ದಿ, ಭೂಮಿಯ ಒಡೆಯನಿಗೇ ಮರದ ಒಡೆತನವನ್ನು ಕೊಟ್ಟಿತು. ಅಂದು ನೆಟ್ಟ ಸಸಿಗೆ ಚೇಗು ಕಟ್ಟುವುದಕ್ಕೆ ದಶಕಗಳು ಬೇಕು. ಅಷ್ಟು ಕಾಲದಲ್ಲಿ ಉಳಿ ಹಿಡಿಯುವ ಕೈ ಇಲ್ಲವಾದರೆ ಮರವಿದ್ದೂ ಫಲವೇನು? ಮರವನ್ನು ಮತ್ತೆ ನೆಡಬಹುದು. ತಂದೆಯಿಂದ ಮಗನಿಗೆ ಇಳಿದುಬಂದ ಕೈಯ ಪಳಗನ್ನು ಒಮ್ಮೆ ಕಳೆದುಕೊಂಡರೆ ಯಾವ ಪುಸ್ತಕದಿಂದಲೂ ಮರಳಿ ಪಡೆಯಲಾಗದು. ಸೂಜೌ ನಗರದ ಬೀಸಣಿಗೆಯ ಕಲೆಯನ್ನು ಚೀನವು 2006ರಲ್ಲಿಯೇ ರಾಷ್ಟ್ರೀಯ ಪರಂಪರೆಯೆಂದು ಘೋಷಿಸಿ ಕಾಪಾಡಲು ಹೊರಟಿತು. ನಾವೂ ನಮ್ಮ ಕುಶಲಿಗಳನ್ನು ಹಾಗೆಯೇ ಕಾಣಬೇಡವೆ?

ನಮ್ಮ ಶರಣ ಪರಂಪರೆಗೆ ಈ ಮಾತು ಹೊಸದಲ್ಲ. ಮಡಕೆ ಮಾಡುವ ಕುಂಬಾರ ಗುಂಡಯ್ಯನೂ ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನೂ ನಮಗೆ ಪೂಜ್ಯರು. ಕೈಯ ಕೆಲಸವನ್ನು ಕೀಳೆಂದು ಎಣಿಸದೆ ಅದನ್ನೇ ಪೂಜೆಯೆಂದು ತಿಳಿದ ನಾಡಿನಲ್ಲಿ ಓದಿದವನು ಉಳಿ ಹಿಡಿಯಬಾರದೆಂಬ ಭಾವನೆ ಬೆಳೆಯಿತಾದರೆ ಅದು ಕಾಯಕ ತತ್ತ್ವಕ್ಕೆ ಮಾಡಿದ ಅಪಚಾರ. ಜಿಂಗ್‌ದೆಝೆನ್ನಿನ ಅಜ್ಞಾತ ಕುಂಬಾರನೂ ಆ ದೃಷ್ಟಿಯಿಂದ ನಮ್ಮ ಗುಂಡಯ್ಯನ ಬಂಧುವೇ.

ಆದುದರಿಂದ ವಿದ್ಯಾರ್ಥಿಗಳಲ್ಲಿ ಎರಡು ವಿನಂತಿಗಳಿವೆ. ರಜೆಗೆ ಊರಿಗೆ ಹೋದಾಗ ಮನೆಯ ಹಳೆಯ ಭರಣಿಯನ್ನು ಗುಜರಿಯವನಿಗೆ ಕೊಡದಂತೆ ಹಿರಿಯರಲ್ಲಿ ಕೇಳಿಕೊಳ್ಳಿರಿ. ಅದು ಯಾರ ಕಾಲದಲ್ಲಿ, ಯಾವ ಊರಿನಿಂದ ಬಂದಿತೆಂದು ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಸಮೀಪದಲ್ಲಿ ಗುಡಿಗಾರರ ಮನೆಯಿದ್ದರೆ ಒಂದು ದಿನ ಹೋಗಿ, ಅವರ ಪಕ್ಕದಲ್ಲಿ ಕುಳಿತು, ಉಳಿ ನಡೆಯುವ ಬಗೆಯನ್ನು ನೋಡಿರಿ. ಗಂಧದ ಮರವು ನೆರೆಯ ಬೇರುಗಳನ್ನು ಹಿಡಿದೇ ಬದುಕುತ್ತದೆ; ಆದರೆ ಅದರ ಪರಿಮಳ ಅದರದೇ. ನೆರೆಹೊರೆಯಿಂದ ಪಡೆದು ತನ್ನತನವನ್ನು ಬೆಳಸಿಕೊಳ್ಳುವ ಈ ಪಾಠವನ್ನು ನಮ್ಮ ನೆಲದ ಮರವೇ ನಮಗೆ ಕಲಿಸುತ್ತಿದೆ.