ರೈಫಲ್ ಅಭ್ಯಾಸದ ಹಾಸು ಮತ್ತು ಮೊಣಕೈಯ ಆರೋಗ್ಯ

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆಯವರು 50 ಮೀಟರ್ ರೈಫಲಿನ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕಂಚಿನ ಪದಕ ಗಳಿಸಿದರು. ಆ ಭಂಗಿಗಳಲ್ಲೊಂದು ಬೋರಲು ಮಲಗಿ ಗುರಿ ಹಿಡಿಯುವುದು, ಎನ್.ಸಿ.ಸಿ. ಸೇರಿದ ನಮ್ಮ ಮಕ್ಕಳು ಮೊದಲು ಕಲಿಯುವುದೂ ಇದನ್ನೇ. ಇದರಲ್ಲಿ ರೈಫಲಿನ ಭಾರವೂ ಮೈಯ ಮೇಲ್ಭಾಗದ ಭಾರವೂ ಮೊಣಕೈಗಳ ಮೇಲೆ ಬೀಳುವುದರಿಂದ ಹಾಸಿನ ಆಯ್ಕೆಯು ಆರೋಗ್ಯದ ಪ್ರಶ್ನೆಯೂ ಹೌದು.

ಮೆತ್ತಗಿದ್ದಷ್ಟೂ ಒಳ್ಳೆಯದೆಂಬುದು ತಪ್ಪು ಗ್ರಹಿಕೆ. ಹಾಸಿಗೆಯ ಸ್ಪಂಜಿನಲ್ಲಿ ಮೊಣಕೈ ತಳದವರೆಗೆ ಇಳಿದು, ರೇಂಜಿನ ಗಚ್ಚುನೆಲ ಎಲುಬಿಗೆ ಒತ್ತುತ್ತದೆ, ಗುರಿಯೂ ಕದಲುತ್ತದೆ. ಒತ್ತಿ ಬಿಟ್ಟೊಡನೆ ಮೇಲೇಳುವ ಬಿಗಿಯಾದ ಫೋಮ್ ಬೇಕು. ಕೊಳ್ಳುವ ಮುನ್ನ ಅಂಗಡಿಯ ನೆಲದ ಮೇಲೆ ಹಾಸಿ, ಐದು ನಿಮಿಷ ಮೊಣಕೈಯೂರಿ ಮಲಗಿ ನೋಡತಕ್ಕದ್ದು. ಅಂಗಡಿಯವನು ನಕ್ಕರೆ ನಗಲಿ! ಮೊಣಕೈ ಊರುವೆಡೆ ಜಾರದ ರಬ್ಬರಿರಲಿ. ಮುಂಬಯಿಯ ಮಳೆಗಾಲದಲ್ಲಿ ಹತ್ತಿ ತುಂಬಿದ ಹಾಸು ಬೂಷ್ಟು ಹಿಡಿಯುವುದು. ಕುರ್ಲಾದಿಂದ ದಾದರಿನವರೆಗೆ ಲೋಕಲಿನ ನೂಕುನುಗ್ಗಲಿನಲ್ಲಿ ಹೊತ್ತು, ಅಲ್ಲಿಂದ ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜಿಗೆ ಹೋಗುವವರಿಗೆ ಸುರುಳಿ ಸುತ್ತಬಹುದಾದ ಹಾಸೇ ಅನುಕೂಲ.

ಅಂತರರಾಷ್ಟ್ರೀಯ ನಿಯಮದಂತೆ ಹಾಸಿನ ದಪ್ಪ 50 ಮಿಲಿಮೀಟರ್ ಮೀರಬಾರದು. ಸ್ಪರ್ಧೆಯಲ್ಲಿ ರೇಂಜಿನವರು ಒದಗಿಸಿದ ಹಾಸನ್ನೇ ಬಳಸಬೇಕು. ಆದುದರಿಂದ ಮನೆಯಲ್ಲಿ ಅದಕ್ಕಿಂತ ದಪ್ಪನೆಯದರ ಮೇಲೆ ಅಭ್ಯಾಸ ಮಾಡಿ ಪ್ರಯೋಜನವಿಲ್ಲ.

ಮೊಣಕೈಯ ಒಳಬದಿಯಲ್ಲಿ ಅಲ್ನಾರ್ ನರವು ಎಲುಬಿಗೆ ಅಂಟಿದಂತೆ ಹಾಯುತ್ತದೆ. ಅದು ಒತ್ತಿದರೆ ಕಿರುಬೆರಳು, ಉಂಗುರಬೆರಳುಗಳು ಜೋಮು ಹಿಡಿಯುತ್ತವೆ. ಈ ಜೋಮು ಮತ್ತೆ ಮತ್ತೆ ಬಂದರೆ, ಅಥವಾ ಮೊಣಕೈ ತುದಿಯಲ್ಲಿ ನೀರು ತುಂಬಿದಂತೆ ಊತ ಕಂಡರೆ, ಹಾಸು ಬದಲಿಸುತ್ತ ಕೂಡದೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು.