ಸೌದೆಯ ಮಿತವ್ಯಯ ಮತ್ತು ಹೊಲದ ಗೊಬ್ಬರ

ಹೊಲಕ್ಕೆ ಸೇರಬೇಕಾದ ಸಗಣಿಯು ಬೆರಣಿಯಾಗಿ ಒಲೆಗೆ ಸೇರುವ ಗ್ರಾಮಗಳಲ್ಲಿ ಭೂಮಿಯ ಸಾರವು ವರ್ಷದಿಂದ ವರ್ಷಕ್ಕೆ ಕುಂದುವುದು. ಬೆರಣಿಯನ್ನು ಸುಟ್ಟಾಗ ಅದರ ಸಾರಜನಕದ ಬಹುಭಾಗವೂ, ಮಣ್ಣನ್ನು ಹದವಾಗಿಡುವ ಸೇಂದ್ರಿಯ ಪದಾರ್ಥವೂ ಹೊಗೆಯೊಡನೆ ಹೋಗುವುವು. ಪೊಟ್ಯಾಷ್, ಸುಣ್ಣ ಮೊದಲಾದ ಖನಿಜಾಂಶಗಳು ಮಾತ್ರ ಬೂದಿಯಲ್ಲಿ ಉಳಿಯುವುವು. ಆದುದರಿಂದ ಒಲೆಯ ವಿಚಾರವು ಹೆಂಗಸರಿಗೆ ಮಾತ್ರ ಸೇರಿದ್ದೆಂದು ಜಮೀನುದಾರರು ಉಪೇಕ್ಷಿಸತಕ್ಕದ್ದಲ್ಲ.

ಮೂರು ಕಲ್ಲಿನ ಒಲೆಯಲ್ಲಿ ಶಾಖದ ಬಹುಭಾಗವು ಪಾತ್ರೆಗೆ ತಗಲದೆ ಗಾಳಿಯ ಪಾಲಾಗುವುದು. ನಷ್ಟದ ಮುಖ್ಯ ಕಾರಣಗಳೂ ಪರಿಹಾರಗಳೂ ಹೀಗಿವೆ:

1. ಹಸಿಯ ಸೌದೆ.— ಇದರ ಶಾಖವು ಮೊದಲು ಸೌದೆಯೊಳಗಿನ ನೀರನ್ನು ಆರಿಸುವುದಕ್ಕೇ ವ್ಯಯವಾಗುವುದು. ಹೊಗೆಯು ಹೆಚ್ಚಿ ಅಡಿಗೆ ಮಾಡುವವರ ಕಣ್ಣಿಗೂ ಶ್ವಾಸಕೋಶಕ್ಕೂ ಕೇಡುಂಟಾಗುವುದು. ಸೌದೆಯನ್ನು ಸಣ್ಣಗೆ ಸೀಳಿ, ಮಳೆಗಾಲಕ್ಕೆ ಮುಂಚೆಯೇ ಒಣಗಿಸಿ, ಸೂರಿನ ಕೆಳಗೆ ಒಟ್ಟಿಡತಕ್ಕದ್ದು.

2. ಬಯಲು ಉರಿ.— ಒಲೆಯ ಸುತ್ತಲೂ ಗೋಡೆಯಿಲ್ಲದಿದ್ದರೆ ಗಾಳಿಯು ಉರಿಯನ್ನು ಪಾತ್ರೆಯಿಂದ ಪಕ್ಕಕ್ಕೆ ತಳ್ಳುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪಿತವಾದ 'ಅಸ್ತ್ರ' ಕೇಂದ್ರದವರು ರೂಪಿಸಿದ 'ಅಸ್ತ್ರ ಒಲೆ'ಯು ಇದಕ್ಕೆ ತಕ್ಕ ಮಾದರಿ. ಇದರಲ್ಲಿ ಸೌದೆಯು ಜಾಲರಿಯ ಮೇಲೆ ಉರಿಯುವುದು. ಒಂದೇ ಉರಿಯು ಮೂರು ಪಾತ್ರೆಗಳ ತಳವನ್ನು ಕಾಯಿಸುವುದು. ಹೊಗೆಯು ಕೊಳವೆಯ ಮೂಲಕ ಮನೆಯ ಹೊರಗೆ ಹೋಗುವುದು. ಪಾತ್ರೆಯು ಒಲೆಯ ಬಾಯಿಗೆ ಸರಿಯಾಗಿ ಕೂರದಿದ್ದರೆ ಅಥವಾ ಕೊಳವೆಯಲ್ಲಿ ಮಸಿ ಕಟ್ಟಿದರೆ ಈ ಪ್ರಯೋಜನವು ದೊರೆಯದು.

3. ತೆರೆದ ಪಾತ್ರೆ.— 1 ಕಿಲೋಗ್ರಾಂ ನೀರನ್ನು 25 ಡಿಗ್ರಿ ಸೆಂಟಿಗ್ರೇಡಿನಿಂದ ಕುದಿಯುವವರೆಗೆ ಕಾಯಿಸಲು ಸುಮಾರು 75 ಕಿಲೋಕ್ಯಾಲೊರಿ ಶಾಖವು ಸಾಕು. ಕುದಿಯುವ ಆ ನೀರನ್ನೆಲ್ಲ ಆವಿಯಾಗಿಸಲು ಸುಮಾರು 540 ಬೇಕು, ಎಂದರೆ ಏಳು ಪಾಲಿಗೂ ಹೆಚ್ಚು. ತೆರೆದ ಪಾತ್ರೆಯಲ್ಲಿ ಕುದಿ ಬಂದ ಮೇಲೆ ಎಷ್ಟು ಉರಿ ಹಾಕಿದರೂ ನೀರಿನ ಕಾವು ಏರುವುದಿಲ್ಲ. ಆವಿ ಮಾತ್ರ ಹೆಚ್ಚುವುದು. ಆದುದರಿಂದ ಎಸರಿಟ್ಟೊಡನೆ ಮುಚ್ಚಳ ಮುಚ್ಚಿ, ಕುದಿ ಬಂದೊಡನೆ ಸೌದೆಯನ್ನು ಹಿಂದಕ್ಕೆಳೆಯತಕ್ಕದ್ದು. ಕಾಳುಗಳನ್ನು ಹಿಂದಿನ ರಾತ್ರಿಯೇ ನೆನೆಸಿಟ್ಟರೆ ಬೇಗನೆ ಬೇಯುವುವು. ಅನಿಲದ ಒಲೆಯುಳ್ಳವರಿಗೂ ಈ ನಿಯಮವೇ ಅನ್ವಯಿಸುವುದು.

ಗ್ರಾಮದ ಮುಖಂಡರು ಮೊದಲು ತಮ್ಮ ಮನೆಯಲ್ಲಿಯೇ ಪರೀಕ್ಷಿಸಿ ನೋಡುವುದು ಲೇಸು. ಒಂದು ವಾರ ಹಳೆಯ ರೀತಿಯಲ್ಲಿಯೂ, ಮತ್ತೊಂದು ವಾರ ಈ ರೀತಿಯಲ್ಲಿಯೂ ಅಡಿಗೆ ಮಾಡಿಸಿ, ಎರಡು ವಾರಗಳ ಸೌದೆ ಬೆರಣಿಗಳನ್ನು ತೂಗಿಡಲಿ. ಉಳಿತಾಯವನ್ನು ಕಣ್ಣಾರೆ ಕಂಡ ನೆರೆಹೊರೆಯವರಿಗೆ ಬೇರೆ ಉಪದೇಶವು ಬೇಕಾಗದು. ಹೀಗೆ ಉಳಿದ ಸಗಣಿಯನ್ನು ಬೆರಣಿ ತಟ್ಟದೆ, ಅಂದಂದೇ ಗೊಬ್ಬರದ ಗುಂಡಿಗೆ ಸೇರಿಸಿ ಮಣ್ಣು ಮುಚ್ಚಿದರೆ, ಅಡಿಗೆಮನೆಯ ಮಿತವ್ಯಯವು ಹೊಲದ ಬೆಳೆಗೆ ಸಲ್ಲುವುದು.